ವಿಭೂತಿ ಕುಡಿದ ಡಯಲು

ಟೆಲಿಫೋನ್ ಕಚೇರಿಯಲ್ಲಿ ಮೂವತ್ತು ವರ್ಷದ ಮೇಲೆ ನೌಕರಿ ಮಾಡಿದವನು ನಾನು. ಎಲ್ಲಿ ಪರಿಚಯ ಹೇಳಿಕೊಂಡರೂ ಇಷ್ಟಕ್ಕೇ ನಿಲ್ಲಿಸುತ್ತೇನೆ. ಅಲ್ಲಿ ಏನು ಕೆಲಸ ಮಾಡುತ್ತಿದ್ದಿರಿ ಎಂದು ಯಾರಾದರೂ ಕೇಳಿದರೆ ನೀರು ಕುಡಿಯಲು ಎದ್ದು ಹೋಗುತ್ತೇನೆ. ಬಸವಕಲ್ಯಾಣದ ಕಚೇರಿಯಲ್ಲಿ ಕಿಟಕಿಯ ಹಿಂದೆ ಕೂತು ಜನರ ದೂರು ಬರೆದುಕೊಳ್ಳುವುದು ನನ್ನ ಕೆಲಸವಾಗಿತ್ತು. ‘ಗಂಟೆ ಬಾರಿಸುವುದಿಲ್ಲ’, ‘ಮಾತು ಕೇಳಿಸುವುದಿಲ್ಲ’, ‘ಡಯಲು ತಿರುಗುವುದಿಲ್ಲ’ ಎಂದು ದುಂಡಗಿನ ಅಕ್ಷರದಲ್ಲಿ ಬರೆದು ಆ ಹಾಳೆಯನ್ನು ಮೆಕ್ಯಾನಿಕ್‌ನ ಮೇಜಿನ ಮೇಲೆ ಇಟ್ಟರೆ ನನ್ನ ಪಾಲಿನ ದೇಶಸೇವೆ ಮುಗಿಯಿತು. ಮೂವತ್ತು ವರ್ಷದಲ್ಲಿ ಒಂದು ಫೋನಿನ ಹೊಟ್ಟೆಯನ್ನೂ ನಾನು ಬಿಚ್ಚಿ ನೋಡಿದವನಲ್ಲ.

ಆದರೆ ಬಂಧುಬಳಗದವರು ನನ್ನನ್ನು ದೊಡ್ಡ ಮೆಕ್ಯಾನಿಕ್ ಎಂದು ತಿಳಿದರು. ನಾನು ತಿದ್ದಲಿಲ್ಲ. ಯಾರ ಮನೆಗೆ ಊಟಕ್ಕೆ ಹೋದರೂ ಮೊದಲು ಫೋನ್ ಎತ್ತಿ ಕಿವಿಗೆ ಹಿಡಿದು, ಕಣ್ಣು ಮುಚ್ಚಿ, “ಲೈನಿನ್ಯಾಗ ಜರಾ ತಂಪು ಹಿಡದದ” ಎನ್ನುತ್ತಿದ್ದೆ. ಆ ಮಾತಿನ ಅರ್ಥ ನನಗೂ ಗೊತ್ತಿರಲಿಲ್ಲ. ಆದರೆ ಅದನ್ನು ಹೇಳಿದ ಮನೆಯಲ್ಲಿ ಹೋಳಿಗೆಯ ಮೇಲೆ ತುಪ್ಪ ಹೆಚ್ಚು ಬೀಳುತ್ತಿತ್ತು. ನನ್ನ ಹೆಂಡತಿಗೆ ಮಾತ್ರ ಸತ್ಯ ಗೊತ್ತು. ಅವಳು ನಾಲ್ಕು ಜನರ ಮುಂದೆ ನನ್ನ ಮಾನ ತೆಗೆಯುವವಳಲ್ಲ. ಮನೆಗೆ ಬಂದ ಮೇಲೆ ತೆಗೆಯುತ್ತಾಳೆ.

ಹೋದ ಶ್ರಾವಣದಲ್ಲಿ ಹುಮನಾಬಾದಿನಿಂದ ನನ್ನ ಅಕ್ಕನ ಫೋನ್ ಬಂತು. ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಮಾಣಿಕನಗರಕ್ಕೆ ಹೋಗುವ ದಾರಿಯಲ್ಲಿ ಅವಳ ಮನೆ. ಮಗ ಕಿರಾಣಿ ಅಂಗಡಿ ನಡೆಸುತ್ತಾನೆ, ಸೊಸೆ ಮನೆ ನೋಡಿಕೊಳ್ಳುತ್ತಾಳೆ. ಸಕ್ಕರೆ ಕಾಯಿಲೆ ಅಕ್ಕನ ಎರಡೂ ಕಣ್ಣು ತಿಂದು ಎಂಟು ವರ್ಷವಾಯಿತು. ಮನೆಯಲ್ಲಿ ಎಲ್ಲರ ಕೈಯಲ್ಲೂ ಮೊಬೈಲು ಇದೆ. ಅಕ್ಕನ ಹತ್ತಿರ ಇರುವುದು ಭಾವನವರು ಅಂಗಡಿಯಲ್ಲಿ ಇಟ್ಟುಕೊಂಡಿದ್ದ ಕರಿ ಫೋನು. ಎತ್ತಿದರೆ ಎರಡು ಸೇರು ಜೋಳದಷ್ಟು ಭಾರ, ಮೇಲೆ ಹತ್ತು ತೂತಿನ ಚಕ್ರ. ಮೊಬೈಲಿನ ಗಾಜು ಎಲ್ಲ ಕಡೆಗೂ ಒಂದೇ ನುಣುಪು, ಅದರ ಮೇಲೆ ಅವಳ ಬೆರಳಿಗೆ ಏನೂ ಸಿಗುವುದಿಲ್ಲ. ಗುಂಡಿ ಒತ್ತುವ ಫೋನು ತಂದುಕೊಟ್ಟಾಗ ಒಂದೊಂದು ಗುಂಡಿಯನ್ನು ಎರಡೆರಡು ಸಲ ಒತ್ತಿ ಯಾರ್‍ಯಾರನ್ನೋ ಎಬ್ಬಿಸಿದಳು. ಕರಿ ಫೋನಾದರೆ ಹಾಗಲ್ಲ. ಬೆರಳು ತಡೆಯುವ ಕೆಳಗಿನ ಕೊಕ್ಕೆಯಿಂದ ತೂತು ಎಣಿಸುತ್ತ ಹೋಗಿ, ಬೆರಳಿಟ್ಟು ತಿರುವಿ ಬಿಟ್ಟರೆ ಚಕ್ರ ಕರ್‌ರ್ ಎಂದು ವಾಪಸು ಬರುತ್ತದೆ. ಅದು ನಿಂತ ಸದ್ದು ಕೇಳಿ ಮುಂದಿನ ಅಂಕಿ.

ಆ ಫೋನಿನಲ್ಲಿ ಅವಳು ದಿನಾ ಮಧ್ಯಾಹ್ನ ಮಾಡುತ್ತಿದ್ದದ್ದು ಒಂದೇ ಒಂದು ಕರೆ. ಮೋರಖಂಡಿಯಲ್ಲಿರುವ ತನ್ನ ಬಾಲ್ಯದ ಗೆಳತಿಗೆ. ಆ ಗೆಳತಿಗೆ ಓದು ಬರಹವಿಲ್ಲ, ಮೊಬೈಲಿನಲ್ಲಿ ಬಂದ ಕರೆಗೆ ಹಸಿರು ಗುಂಡಿ ಒತ್ತುವುದಷ್ಟೇ ಗೊತ್ತು. ಹೀಗಾಗಿ ಕರೆ ಯಾವಾಗಲೂ ಇತ್ತಲಿಂದಲೇ ಹೋಗಬೇಕು.

“ತಮ್ಮಾ, ಡಯಲ ಕೆಟ್ಟದ,” ಎಂದಳು ಅಕ್ಕ. “ತಿರುವಿ ಬಿಟ್ಟರ ಮುದಿ ಎತ್ತಿನ ಹಂಗ ಬರಾಕತ್ತದ. ನಡುವ ನಿಂತ ಬಿಡತದ. ತಿಂಗಳಾತು. ಈಗೂ ಸೊಸಿ ತನ್ನ ಮೊಬೈಲಿನ್ಯಾಗ ಹಚ್ಚಿಕೊಟ್ಟಾಳ.”

“ಆಕೀನೇ ದಿನಾ ಹಚ್ಚಿಕೊಡತಾಳಲ್ಲಾ, ಮತ್ತೇನು?” ಎಂದೆ.

ಅಕ್ಕ ದನಿ ತಗ್ಗಿಸಿದಳು. “ನೀ ಬಾ ಮೊದಲ,” ಎಂದಳು.

ಎಲ್ಲರಿಗಿಂತ ದೊಡ್ಡ ಮೆಕ್ಯಾನಿಕ್ ತಮ್ಮನಿರುವಾಗ ಅವಳು ಇನ್ನಾರನ್ನು ಕರೆಯಬೇಕು? ಮರುದಿನ ಬೆಳಿಗ್ಗೆ ಬಸ್ಸು ಹತ್ತಿದೆ. ಹೆಂಡತಿ ಬಾಗಿಲಲ್ಲಿ ನಿಂತು, “ದೂರು ಬರಕೊಳ್ಳಾಕ ಹಾಳಿ ಪೆನ್ನು ತಗೊಂಡೀರಿಲ್ಲೊ?” ಎಂದು ಕೇಳಿದಳು.

ಹುಮನಾಬಾದಿನಲ್ಲಿ ಫೋನಿನ ಮುಂದೆ ಕೂತು ನಾನು ಒಂದು ಸಣ್ಣ ಭಾಷಣವನ್ನೇ ಮಾಡಿದೆ. ಮೆಕ್ಯಾನಿಕ್ ಚಹಾ ಕುಡಿಯುವಾಗ ಹೇಳಿದ ನಾಲ್ಕು ಮಾತು ನನ್ನ ನೆನಪಿನಲ್ಲಿದ್ದವು. ಐದನೆಯ ತೂತಿನಿಂದ ತಿರುವಿ ಬಿಟ್ಟರೆ ಚಕ್ರ ವಾಪಸು ಬರುವಾಗ ಲೈನು ಐದು ಸಲ ಕಡಿದು ಕೂಡುತ್ತದೆ. ಕಚೇರಿಯ ಯಂತ್ರ ಅದನ್ನು ಎಣಿಸಿ ಐದು ಎಂದು ತಿಳಿಯುತ್ತದೆ. ಚಕ್ರ ತಡವರಿಸಿದರೆ ಎಣಿಕೆ ತಪ್ಪುತ್ತದೆ. ಸೊಸೆ ಬಾಯಿಬಿಟ್ಟು ಕೇಳುತ್ತಿದ್ದಳು. ಈ ಮಳೆಗಾಲದ ಹಸಿ ಹವೆ, ನಿಮ್ಮ ಒಗ್ಗರಣೆಯ ಹೊಗೆ, ಒರೆಸದೆ ಬಿಟ್ಟ ಧೂಳು ಎಂದು ತಪ್ಪನ್ನೆಲ್ಲ ಅವಳ ಮೇಲೆ ಹಾಕಿದೆ. ಪಾಪ, ಆ ಹುಡುಗಿ ತಲೆ ತಗ್ಗಿಸಿ “ಹೌದ್ರಿ ಮಾವಾರ” ಎಂದಳು.

ಅವಳು ಚಹಾ ಮಾಡಲು ಹೋದಾಗ ಅಕ್ಕ ನನ್ನ ತೋಳು ಹಿಡಿದು ಹತ್ತಿರ ಎಳೆದುಕೊಂಡಳು. “ಆಕಿಗೆ ಬೈಬ್ಯಾಡೊ. ಬಂಗಾರದಂಥ ಹುಡುಗಿ ಅದಾಳ. ಕೇಳಿದ ಕೂಡ್ಲೆ ಫೋನ್ ಹಚ್ಚಿಕೊಡತಾಳ. ನಾ ಎಲ್ಲಿ ಕೆಡವತೀನೊ ಅಂತ ಮಾತ ಮುಗಿಯೂ ತನಾ ಬಾಜೂಕ ಕುಂತಿರತಾಳ. ಅದ ತ್ರಾಸ ಆಗೇದ ನೋಡು. ಮಾತಾಡೂದರ ಏನು? ಉಂಡಿ? ಉಂಡೆ. ಮಳಿ ಬಂತಾ? ಬಂತು. ಅತ್ಲಾಗ ಗೆಳತೀನೂ ಖುಲ್ಲಾ ಮಾತಾಡವಲ್ಲಳು. ತಿಂಗಳಾತು, ಇಬ್ಬರೂ ನಕ್ಕಿಲ್ಲ.”

ನನಗೆ ಆಗಲೇ ಸತ್ಯ ಹೇಳಿಬಿಡಬೇಕಿತ್ತು. ‘ಅಕ್ಕಾ, ನನಗೆ ಇದು ಬರುವುದಿಲ್ಲ, ಬೇರೆ ಯಾರನ್ನಾದರೂ ಹುಡುಕೋಣ’ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಚಹಾದ ಜೊತೆ ತಟ್ಟೆ ತುಂಬ ಭಜಿ ಬಂತು. ಆ ಮಾತು ಭಜಿಯ ಜೊತೆ ಒಳಗೆ ಹೋಯಿತು.

ಫೋನಿನ ಮುಖದಿಂದ ಡಯಲನ್ನು ಬಿಚ್ಚಿ, ಯಾವ ವೈರು ಎಲ್ಲಿತ್ತು ಎಂದು ಹಾಳೆಯ ಮೇಲೆ ಚಿತ್ರ ಬರೆದುಕೊಂಡೆ. ಬರೆಯುವುದರಲ್ಲಿ ನಾನು ಎಂದೂ ತಪ್ಪುವವನಲ್ಲ. ಸೊಸೆ ಕೊಟ್ಟ ಸ್ಟೀಲು ಡಬ್ಬಿಯಲ್ಲಿ ಡಯಲು ಇಟ್ಟು, ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸವಕಲ್ಯಾಣಕ್ಕೆ ವಾಪಸು ಬಂದೆ. ಪಕ್ಕದ ಸೀಟಿನವನು ದಾರಿಯುದ್ದಕ್ಕೂ ಡಬ್ಬಿ ಯಾವಾಗ ತೆರೆಯುತ್ತೇನೋ ಎಂದು ನೋಡುತ್ತಿದ್ದ.

ಮನೆಯಲ್ಲಿ ಚಕ್ರ ತೆಗೆದು ಒಳಗೆ ನೋಡಿದರೆ ಹಲ್ಲಿನ ಗಾಲಿಗಳು ಕಾಣಿಸಲೇ ಇಲ್ಲ. ಬೂದು ಬಣ್ಣದ ಗಟ್ಟಿ ಮುದ್ದೆಯೊಂದು ಎಲ್ಲವನ್ನೂ ಮುಚ್ಚಿತ್ತು. ಕೆರೆದು ಮೂಸಿದೆ. ಕೊಬ್ಬರಿ ಎಣ್ಣೆ. ಇನ್ನೂ ಕೆರೆದು ಮೂಸಿದೆ. ವಿಭೂತಿ! ಚಕ್ರದ ಓಟವನ್ನು ಹತೋಟಿಯಲ್ಲಿಡಲು ಒಳಗೆ ಎರಡು ಪುಟ್ಟ ಗುಂಡುಗಳು ಗಿರ್ರನೆ ತಿರುಗಬೇಕು. ಅವು ಆ ಮುದ್ದೆಯಲ್ಲಿ ಹೂತು ಕೂತಿದ್ದವು.

ಕೂಡಲೆ ಸೊಸೆಗೆ ಫೋನ್ ಹಚ್ಚಿ ಎಗರಾಡಿದೆ. “ಇದರಾಗ ಎಣ್ಣಿ ಹಾಕು ಅಂತ ನಿನಗ ಹೇಳಿದವರು ಯಾರು? ವಿಭೂತಿ ಬಳಿ ಅಂತ ಯಾರು ಹೇಳಿದ್ರು? ಜರಾನಾದರೂ ಅಕಲ್ ಬೇಡೇನು?”

ಆ ಕಡೆಯಿಂದ ಬಹಳ ಮೆತ್ತಗಿನ ದನಿ ಬಂತು. “ನೀವ ಹೇಳಿದ್ರೆಲ್ಲಾರಿ ಮಾವಾರ. ನಾ ಮದಿವ್ಯಾಗಿ ಬಂದ ವರ್ಷ ಖಂಡೇಪೂಜಾಕ್ಕ ಬಂದಿದ್ರಿ. ತಕ್ಕಡಿ, ತೂಕದ ಕಲ್ಲು ಪೂಜಾ ಮಾಡಾಕತ್ತಿದ್ವಿ. ಫೋನೂ ಒಂದು ಆಯುಧನ, ಅದಕೂ ವಿಭೂತಿ ಹಚ್ಚಬೇಕು, ವರ್ಷಕ್ಕೊಮ್ಮೆ ನಾಕ ಹನಿ ಎಣ್ಣಿ ಬಿಡಬೇಕು, ಹಂಗಿದ್ದರ ನೂರು ವರ್ಷ ಬಾಳತದ ಅಂದಿದ್ರಿ. ನಾ ಒಂದ ವರ್ಷನೂ ತಪ್ಪಿಸಿಲ್ಲರಿ.”

ನೆನಪಾಯಿತು. ದಸರೆಯ ಹಿಂದಿನ ದಿನ, ಆಯುಧಪೂಜೆಗೆ ಸಾಲಾಗಿ ಇಟ್ಟ ಸಾಮಾನಿನ ಮುಂದೆ ನಿಂತು, ಹೊಸ ಸೊಸೆಯ ಎದುರು ಏನಾದರೂ ತಿಳಿದವನಂತೆ ಮಾತಾಡಬೇಕೆಂದು ಆ ಕ್ಷಣದಲ್ಲೇ ಹುಟ್ಟಿಸಿದ ಶಾಸ್ತ್ರ ಅದು. ಆ ಹುಡುಗಿ ಹದಿನಾರು ವರ್ಷ ಭಕ್ತಿಯಿಂದ ಮೂರು ಬೆರಳಲ್ಲಿ ಡಯಲಿನ ಮೇಲೆ ವಿಭೂತಿ ಎಳೆದು, ತೂತಿನಲ್ಲಿ ಎಣ್ಣೆ ಬಿಟ್ಟಿದ್ದಳು. ವಿಭೂತಿ ಉದುರಿ ಎಣ್ಣೆಯಲ್ಲಿ ಕಲೆತು ಒಳಗೆ ಗಚ್ಚಿನ ಹಾಗೆ ಕೂತಿತ್ತು. ಮಾಡಿದ್ದುಣ್ಣೋ ಮಹಾರಾಯ. “ಹೂಂ, ನಾಕ ಹನಿ ಅಂದಿದ್ದೆ, ಹೆಚ್ಚಾಗೇದ,” ಎಂದು ಫೋನ್ ಇಟ್ಟೆ. ಆಗಲೂ ಕ್ಷಮೆ ಕೇಳಲಿಲ್ಲ ನೋಡಿ.

ಅಡುಗೆಮನೆಯಲ್ಲಿ ಹೆಂಡತಿ ಪಾತ್ರೆಯನ್ನು ಸ್ವಲ್ಪ ಜೋರಾಗಿ ಇಟ್ಟಳು.

ಆ ಕೆಲಸವನ್ನು ಈಗ ಬಿಡುವ ಹಾಗಿರಲಿಲ್ಲ. ಕೆಟ್ಟದ್ದು ನನ್ನ ಬಾಯಿಂದ, ಅದರಿಂದ ಅಕ್ಕ ನಗು ನಿಲ್ಲಿಸಿದ್ದಾಳೆ. ಸೀಮೆಎಣ್ಣೆ ಈಗ ಸಿಗುವುದಿಲ್ಲವೆಂದು ಗಾಡಿಯಿಂದ ಒಂದು ಬಟ್ಟಲು ಪೆಟ್ರೋಲು ಇಳಿಸಿ, ಹಳೆಯ ಹಲ್ಲುಜ್ಜುವ ಬ್ರಶ್ಶು ಹಿಡಿದು ಅಂಗಳದಲ್ಲಿ ಕೂತೆ. ಅಂಕಿ ಬರೆದ ತಗಡಿನ ಬಳೆಯನ್ನು ಬೇರೆ ಮಾಡಿದೆ. ಕೊಕ್ಕೆಯ ಹತ್ತಿರ ಅದರ ಮೇಲೆ ಮುದ್ದೆ ಬಹಳ ಗಟ್ಟಿಯಾಗಿತ್ತು. ಚಾಕುವಿನಿಂದ ಎಬ್ಬಿಸಲು ಹೋದೆ, ಮುದ್ದೆಯ ಜೊತೆಗೆ ಕೊಕ್ಕೆಯ ಆಚೀಚೆ ಇದ್ದ ಒಂದು, ಸೊನ್ನೆ ಈ ಎರಡು ಅಂಕಿಯ ಬಣ್ಣವೂ ಎದ್ದು ಬಂತು. ಹೋದರೆ ಹೋಗಲಿ, ನೋಡುವವರು ಯಾರು ಎಂದುಕೊಂಡೆ. ಆಮೇಲೆ ನಡುವಿನ ಸ್ಕ್ರೂ ಇನ್ನೊಂದು ಸುತ್ತು ಸಡಿಲಿಸಿದೆ. ಒಳಗಿನ ಸುರುಳಿ ಸ್ಪ್ರಿಂಗು ಸರ್ರನೆ ಬಿಚ್ಚಿಕೊಂಡು ತುಳಸಿಕಟ್ಟೆಯ ಆಚೆ ಹೋಗಿ ಬಿತ್ತು.

ಸ್ಪ್ರಿಂಗು ಹುಡುಕಿ ಕೊಟ್ಟವಳು ಹೆಂಡತಿ. “ಇದನ್ನ ಬರಕೋರಿ,” ಎಂದು ನನ್ನ ಕೈಯಲ್ಲಿಟ್ಟಳು. “ಸ್ಪ್ರಿಂಗು ಹಾರೇದ ಅಂತ.”

ಸಾಮಾನೆಲ್ಲ ಡಬ್ಬಿಯಲ್ಲಿ ಹಾಕಿಕೊಂಡು ಕೋಟೆಯ ಕಡೆ ಗಡಿಯಾರ ರಿಪೇರಿ ಮಾಡುವ ಚಾಚಾನ ಅಂಗಡಿಗೆ ಹೋದೆ. ಎಂಬತ್ತರ ಹತ್ತಿರದ ಮನುಷ್ಯ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ನನ್ನನ್ನು ನೋಡಿದರು. ನಮ್ಮ ಕಚೇರಿಗೆ ದೂರು ಬರೆಸಲು ಬರುತ್ತಿದ್ದವರು, ಹಾಗಾಗಿ ಇವರ ಮುಂದೆ ನನ್ನ ಆಟ ನಡೆಯುವಂತಿರಲಿಲ್ಲ. ಡಬ್ಬಿಯೊಳಗೆ ಇಣುಕಿ, “ಸಾಹೇಬ್ರ, ಇದಕ್ಕ ಯಾರು ಉಣಿಸ್ಯಾರ?” ಎಂದರು. ನಾನೇ ಎಂದೆ. ಆ ಇಡೀ ತಿಂಗಳಲ್ಲಿ ನಾನು ಆಡಿದ ಮೊದಲ ಖರೆ ಮಾತು ಅದು. ಚಾಚಾ ನಗಲಿಲ್ಲ. ಗುಂಡುಗಳನ್ನು ತೊಳೆದು ಒಣಗಿಸಿದರು. “ಮಶೀನಿಗೆ ಎಣ್ಣಿ ಅಂದ್ರ ಸುರಮಾ ಇದ್ದಂಗ. ಕಣ್ಣಿಗೆ ಹಚ್ಚಬೇಕು, ಕಣ್ಣಾಗ ಸುರೀಬಾರದು,” ಎಂದು ಸೂಜಿಯ ಮೊನೆಯಲ್ಲಿ ಒಂದೇ ಹನಿ ಮುಟ್ಟಿಸಿದರು. ಸ್ಪ್ರಿಂಗನ್ನು ಸುತ್ತಿ ಕೂರಿಸಿ, ಚಕ್ರ ತಿರುವಿ ಬಿಟ್ಟರು. ಕರ್‌ರ್ ಎಂದು ಒಂದೇ ಉಸಿರಿಗೆ ವಾಪಸು ಬಂತು. ಆ ಸದ್ದಿಗೆ ನನಗೆ ನಿಜವಾಗಿಯೂ ಕಣ್ಣು ತುಂಬಿ ಬಂದವು.

ಅಂಕಿಯ ಬಳೆ ಜೋಡಿಸಲು ಚಾಚಾ ಕೈ ಚಾಚಿದರು. ನಾನು ಕೊಡಲಿಲ್ಲ. “ಅಷ್ಟು ನಾ ಮಾಡತೀನಿ ಚಾಚಾ,” ಎಂದೆ. ಪೂರ್ತಿ ಕೆಲಸ ಬೇರೆಯವರೇ ಮಾಡಿದರೆ ಹುಮನಾಬಾದಿನಲ್ಲಿ ಹೇಗೆ ಮುಖ ತೋರಿಸಲಿ? ಮನೆಯಲ್ಲಿ ಕೂತು, ಅಂಕಿ ಎದ್ದುಹೋದ ಬೋಳು ಜಾಗ ಕೊಕ್ಕೆಯ ಹತ್ತಿರ ಬರುವಂತೆ ಕಣ್ಣಳತೆಯಲ್ಲಿ ಬಳೆ ಕೂರಿಸಿ, ಮೂರು ತಗಡಿನ ಹಲ್ಲು ಒತ್ತಿ ಬಿಗಿ ಮಾಡಿದೆ. ಈ ರಿಪೇರಿಯಲ್ಲಿ ಪೂರ್ತಿಯಾಗಿ ನನ್ನದೇ ಅನ್ನಬಹುದಾದ ಕೆಲಸ ಅದೊಂದೇ.

ಮರುದಿನ ಹುಮನಾಬಾದಿಗೆ ಹೋಗಿ, ಚಿತ್ರ ನೋಡಿ ವೈರು ಕೂಡಿಸಿ, ಅಕ್ಕನನ್ನು ಕುರ್ಚಿಯ ಮೇಲೆ ಕೂರಿಸಿ, ಸೊಸೆಯನ್ನೂ ಕರೆದೆ. ಎಲ್ಲರೂ ನೋಡುವಂತೆ ನನ್ನ ಮೊಬೈಲನ್ನು ಮೇಜಿನ ಮೇಲಿಟ್ಟೆ. ಕರಿ ಫೋನಿನಿಂದ ನನ್ನದೇ ನಂಬರು ತಿರುವಿದೆ, ಒಂದೊಂದು ಅಂಕಿಯನ್ನೂ ಕನ್ನಡಕದೊಳಗಿಂದ ನೋಡಿ ನೋಡಿ. ಸೊನ್ನೆ ಅಳಿಸಿದ್ದರೂ ಅದು ಕೊನೆಯ ತೂತೆಂದು ನನಗೆ ಗೊತ್ತಿತ್ತು. ಚಕ್ರ ಸೊಗಸಾಗಿ ಓಡಿತು. ಮೇಜಿನ ಮೇಲಿನ ಮೊಬೈಲು ಮಾತ್ರ ಸದ್ದು ಮಾಡಲಿಲ್ಲ. ಕಿವಿಯಲ್ಲಿ ಹಿಟ್ಟಿನ ಗಿರಣಿಯ ಸದ್ದು, ಅದರ ನಡುವೆ ಒಬ್ಬ ಮರಾಠಿಯಲ್ಲಿ, “ಕೋಣ್ ಬೋಲ್ತಯ್?” ಎಂದು ನನ್ನ ಹೆಸರು ಕೇಳಿದ.

ಇಟ್ಟು ಮತ್ತೆ ತಿರುವಿದೆ. ಮತ್ತೆ ಗಿರಣಿ. ಮೂರನೆಯ ಸಲಕ್ಕೆ ಅವನು ಬೈದ. ನಾಲ್ಕನೆಯ ಸಲಕ್ಕೆ ನಾನು ಬೈದೆ. ಐದನೆಯ ಸಲ ಅವನಿಗೆ ಏನನ್ನಿಸಿತೋ, ಬಹಳ ಮೆತ್ತಗೆ, “ಕಾಕಾ, ತಬ್ಯೇತ್ ಬರೀ ಆಹೇ ನಾ?” ಎಂದು ನನ್ನ ಆರೋಗ್ಯ ವಿಚಾರಿಸಿದ.

ಐದು ಸಲವೂ ಅದೇ ಮನುಷ್ಯ ಸಿಕ್ಕನೆಂದರೆ ಡಯಲಿನ ಎಣಿಕೆ ಗಡಿಯಾರದಷ್ಟು ಬರಾಬರಿ ಇದೆ, ತಪ್ಪು ಬೇರೆ ಕಡೆ ಇದೆ ಎಂದು ನಿಜವಾದ ಮೆಕ್ಯಾನಿಕ್‌ಗೆ ಹೊಳೆಯುತ್ತಿತ್ತು. ನನಗೆ ಹೊಳೆದದ್ದು ಕಚೇರಿಯ ಲೈನನ್ನು ಬೈಯುವುದು. ಅದನ್ನೂ ಸ್ವಲ್ಪ ಹೊತ್ತು ಮಾಡಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆಮೇಲೆ ಅದಕ್ಕೂ ಶಕ್ತಿ ಉಳಿಯಲಿಲ್ಲ. ಅಕ್ಕ ಕುರ್ಚಿಯಲ್ಲಿ ಸೆರಗು ಸರಿಮಾಡಿಕೊಂಡು, ಕೈ ಮಡಿಚಿ ಕಾಯುತ್ತಿದ್ದಳು. ಹಬ್ಬದ ದಿನ ಉಡುವ ಇಳಕಲ್ ಸೀರೆ ಉಟ್ಟಿದ್ದಳು. ರಿಸೀವರು ಕೆಳಗಿಟ್ಟೆ.

“ಅಕ್ಕಾ, ಇದು ಆಗೂದಿಲ್ಲ,” ಎಂದೆ. “ಒಂದ ಮಾತು ಹೇಳತೀನಿ. ನನಗ ಈ ಕೆಲಸ ಬರೂದೇ ಇಲ್ಲ. ನಾ ಮೆಕ್ಯಾನಿಕ್ ಆಗಿದ್ದೇ ಇಲ್ಲ. ಡಯಲ ಕೆಟ್ಟಿದ್ದೂ ನನ್ನ ಮಾತಿನಿಂದನ. ಸೊಸಿದು ಏನೂ ತಪ್ಪಿಲ್ಲ.”

ಸೊಸೆ ನನ್ನನ್ನು ನೋಡಿದಳು. ಅಕ್ಕ “ಇಲ್ಲಿ ಕೊಡು,” ಎಂದು ಎರಡೂ ಕೈ ಚಾಚಿದಳು.

ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡು ಮೊದಲು ಚಕ್ರವನ್ನು ಸುತ್ತಲೂ ಸವರಿದಳು. ಕೊಕ್ಕೆ ಹುಡುಕಿದಳು. ಅಲ್ಲಿಂದ ಬೆರಳು ಒಂದೊಂದೇ ತೂತು ಎಣಿಸುತ್ತ ಮೇಲಕ್ಕೆ ಹೋಯಿತು, ನಿಂತಿತು, ತಿರುವಿತು, ಬಿಟ್ಟಿತು. ಕರ್‌ರ್. ತಲೆ ಓರೆ ಮಾಡಿ ಕೇಳಿದಳು. ಮತ್ತೆ ಎಣಿಕೆ. ಮುಂದಿನ ಸೊನ್ನೆ ಸೇರಿ ಹನ್ನೊಂದು ಅಂಕಿ, ಒಂದಕ್ಕೂ ಅವಸರವಿಲ್ಲ. ರಿಸೀವರು ಕಿವಿಗೆ ಹಿಡಿದು ಕಾದಳು.

“ಯವ್ವಾ,” ಎಂದಳು. ಮುಖ ಪೂರ್ತಿ ಅರಳಿತು. “ನಾನ, ನಾನ. ನಾನ ಹಚ್ಚೀನಿ!”

ಅವಳ ಬೆರಳು ಓಡುವಾಗಲೇ ನನಗೆ ಕಂಡದ್ದು. ಕೊಕ್ಕೆಯಿಂದ ಮೊದಲನೆಯ ತೂತಿನ ಕೆಳಗೆ ನಾನು ಕೂರಿಸಿದ ಬಳೆಯಲ್ಲಿ ಎರಡು ಇತ್ತು. ಎರಡನೆಯದರ ಕೆಳಗೆ ಮೂರು. ಒಂದು ತೂತಿನಷ್ಟು ಬಳೆ ಸರಿದು ಕೂತಿತ್ತು. ಅಂಕಿ ನೋಡಿ ತಿರುವುವ ನಾನು ಪ್ರತಿ ಸಲವೂ ಒಂದು ಕಡಿಮೆ ತಿರುವುತ್ತಿದ್ದೆ. ನನ್ನ ನಂಬರಿನಲ್ಲಿ ಒಂದು ಎಂಬ ಅಂಕಿಯೇ ಇಲ್ಲ. ಇದ್ದಿದ್ದರೆ ಅದನ್ನು ಹುಡುಕುವಾಗಲಾದರೂ ಗೊತ್ತಾಗುತ್ತಿತ್ತು. ಅಕ್ಕನಿಗೆ ಅಂಕಿ ಕಾಣುವುದಿಲ್ಲ. ಅವಳು ಎಣಿಸುವುದು ತೂತನ್ನು. ಅವಳ ಪಾಲಿಗೆ ಡಯಲಿನಲ್ಲಿ ಯಾವ ದೋಷವೂ ಇರಲಿಲ್ಲ. ಕಣ್ಣಿದ್ದವನೊಬ್ಬನಿಗೇ ಅದು ಕೆಟ್ಟಿತ್ತು.

“ಅಕ್ಕಾ, ಒಂದ ನಿಮಿಷ ಇಡು. ಅಂಕಿ ಸರಿ ಕುಂತಿಲ್ಲ, ಬಳಿ ತಿರುವಿ ಕೊಡತೀನಿ,” ಎಂದೆ.

ಅಕ್ಕ ರಿಸೀವರಿಗೆ ಕೈ ಅಡ್ಡ ಹಿಡಿದಳು. “ಮುಟ್ಟಬ್ಯಾಡ. ಅದು ಹಂಗ ಇರಲಿ. ಇನ್ನ ನನ್ನ ಫೋನು ನನ್ನ ಬಿಟ್ಟರ ಯಾರೂ ಹಚ್ಚೂದಿಲ್ಲ, ಹೌದಿಲ್ಲೊ? ನಡಿ ಈಗ ಹೊರಗ. ಬಾಗಲ ಹಾಕ್ಕೊಂಡು ಹೋಗು.”

ಬಾಗಿಲು ಹಾಕಿಕೊಂಡು ಹೊರಗೆ ಬಂದೆ. ಕರೆ ಹತ್ತಿದೊಡನೆ ಹೊರಗೆ ಬಂದಿದ್ದ ಸೊಸೆ ಪಡಸಾಲೆಯಲ್ಲಿ ಎರಡು ಕಪ್ಪು ಚಹಾ ಸೋಸುತ್ತಿದ್ದಳು. ತಲೆ ಎತ್ತಿ ಅವಳ ಮುಖ ನೋಡುವುದು ಕಷ್ಟವಾಯಿತು. “ಆವತ್ತು ನಿನಗ ಸುಮ್ಮಸುಮ್ಮನ ಬೈದೆ. ತಪ್ಪಾತು ನನ್ನದು,” ಎಂದೆ. “ಇರಲಿ ಬಿಡ್ರಿ ಮಾವಾರ, ಚಹಾ ಆರತದ,” ಎಂದಳು.

ಒಳಗಿಂದ ಅಕ್ಕನ ದನಿ ಕೇಳುತ್ತಿತ್ತು. “ಯಾರು, ನಮ್ಮ ತಮ್ಮನಾ? ಅಂವ ಎಲ್ಲೀ ಮೆಕ್ಯಾನಿಕ್ಕ? ಕಿಟಕ್ಯಾಗ ಕುಂತು ಬರೀತಿದ್ದ. ಅದು ನಮಗ ಮೊದಲಿಂದ ಗೊತ್ತದ. ಅಂವಗ ಗೊತ್ತಿರಲಿಲ್ಲ ನಮಗ ಗೊತ್ತದ ಅಂತ.” ಆಮೇಲೆ ನಗು. ಬಾಯಿಗೆ ಸೆರಗು ಒತ್ತಿಕೊಂಡರೂ ನಿಲ್ಲದ ನಗು. ಮೋರಖಂಡಿಯಲ್ಲೂ ಅಷ್ಟೇ ನಗು ಇದ್ದಿರಬೇಕು. ನನಗೆ ಅವಮಾನವಾಗಬೇಕಿತ್ತು. ಆಗಲಿಲ್ಲ, ಚಹಾ ಬಹಳ ರುಚಿಯಾಗಿತ್ತು.

ಸ್ವಲ್ಪ ಹೊತ್ತಿನ ಮೇಲೆ ಒಳಗಿನ ದನಿ ಒಮ್ಮೆಲೆ ಸಣ್ಣಗಾಯಿತು. ಸೊಸೆ ಕಪ್ಪು ಕೆಳಗಿಟ್ಟು, ಬಾಗಿಲ ಕಡೆ ನೋಡಿ ನಕ್ಕಳು. “ನಿಮ್ಮದು ಮುಗೀತ್ರಿ ಮಾವಾರ. ಈಗ ನನ್ನ ಪಾಳಿ.”

ಇಬ್ಬರೂ ಉಸಿರು ಹಿಡಿದು ಕಿವಿಗೊಟ್ಟೆವು. ಒಂದಕ್ಷರವೂ ಕೇಳಿಸಲಿಲ್ಲ. ಆಗ ನನಗೆ ಡಯಲು ರಿಪೇರಿಯಾಗಿದೆ ಎಂದು ಖಾತ್ರಿಯಾಯಿತು.